ತೂತಿನ ಲೆಕ್ಕ

ಹೆಸರು ಹಂಸ.
ಹಾಲು ನೀರು ಬೇರೆ ಮಾಡುವ ಹಕ್ಕಿಯಲ್ಲ,
ಡಿಸ್ಕಿನಿಂದ ಟೈರು, ಟೈರಿನಿಂದ ಟ್ಯೂಬು ಬೇರೆ ಮಾಡುವವನು.
ಮಡಿಕೇರಿ ಮಾರ್ಕೆಟ್ಟಿನ ಕೆಳಗಿನ ತಿರುವಿನಲ್ಲಿ
ಮೂವತ್ತೊಂದು ಮಳೆಗಾಲ
ಒಂದೇ ತಗಡಿನಡಿ ಕೂತಿದ್ದೇನೆ.

ನನ್ನ ವಿದ್ಯೆ ಇಷ್ಟೇ:
ಗಾಳಿ ತುಂಬು, ತೊಟ್ಟಿಯ ನೀರಿಗೆ ಅದ್ದು,
ನಿಧಾನ ತಿರುಗಿಸು.
ಎಲ್ಲಿ ಗುಳ್ಳೆಯೋ ಅಲ್ಲಿ ತೂತು.
ಬೆರಳಿಟ್ಟು ಹಿಡಿ, ಉಜ್ಜು, ಅಂಟಿಸು.
ಎಲ್ಲರ ಮನೆ ದೋಸೆಯೂ ತೂತೇ ಇರಬಹುದು,
ನನ್ನಂಗಡಿಯಿಂದ ತೂತು ಹೊರಗೆ ಹೋದದ್ದಿಲ್ಲ.

ಹಿಂದುಗಡೆ ಬೋಳು ಟೈರಿನ ಗುಡ್ಡ.
ಕಾಫಿ ಮೂಟೆ ಹೊತ್ತ ಪಿಕಪ್ಪಿನದು,
ಮಾಂದಲ್‌ಪಟ್ಟಿಗೆ ಪ್ರವಾಸಿಗರನ್ನು ಕುಲುಕಿಸಿದ ಜೀಪಿನದು,
ಕಾನ್ವೆಂಟ್ ವ್ಯಾನಿನದು,
ಒಂದು, ಹೆಣ ಸಾಗಿಸುವ ಗಾಡಿಯದು; ಯಾರಿಗೂ ಹೇಳಿಲ್ಲ.
ಒಳಗೆ ಮಳೆನೀರು, ನೀರಲ್ಲಿ ಸೊಳ್ಳೆಮರಿ,
ಪ್ರತಿ ಜೂನಿಗೆ ಆರೋಗ್ಯ ಇಲಾಖೆಯ ನೋಟೀಸು.

ಕಳೆದ ಮಾಗಿಯಲ್ಲಿ ಲಾರಿ ಬಂದು ಎಲ್ಲ ಹೇರಿಕೊಂಡು ಹೋಯಿತು.
ಮೂರು ತಿಂಗಳಿಗೆ ಚೀಲಗಳಲ್ಲಿ ತಿರುಗಿ ಬಂದವು,
ಒಳ್ಳೆಮೆಣಸಿನಷ್ಟಷ್ಟೇ ಕಾಳಾಗಿ.
ಸಂತೆಯ ಬಯಲಿಗೆ ಸುರಿದು, ಜಲ್ಲಿ ಬೆರೆಸಿ, ಅಂಟು ಕಲಸಿ
ಮಟ್ಟಹಲಗೆ ಎಳೆದರು.
ಇಂಜಿನಿಯರ್ ಚೋಂದಮ್ಮ, ನನ್ನ ಮಗಳಿಗಿಂತ ಚಿಕ್ಕವಳು,
ಗಂಬೂಟು ತೊಟ್ಟು ಬಂದು ಒಂದು ಕೊಡ ನೀರು ಹೊಯ್ದಳು:
"ನೋಡಿ ಹಂಸಾಕ."

ನೋಡಿದೆ. ಹರಿಯಲಿಲ್ಲ, ನಿಲ್ಲಲಿಲ್ಲ,
ಇಲ್ಲವಾಯಿತು.
ಹಿಂದೆಯೇ ಎದ್ದವು ಗುಳ್ಳೆ, ನೂರು, ಸಾವಿರ.
ನನ್ನ ಬೆರಳು ತಾನಾಗಿ ಮುಂದೆ ಹೋಯಿತು, ಮುಚ್ಚಲು.
"ಅದು ಲೀಕಲ್ಲ, ಅದರ ಕೆಲಸವೇ ಅದು" ಎಂದು ನಕ್ಕಳು.

ಓಡುವಾಗ ಹಲ್ಲಿನ ಸಂದಿಂದ ನೀರುಗಿದು
ದಾರಿಹೋಕರ ಪಂಚೆ ಕೆಡಿಸಿದ ಟೈರು
ಹಲ್ಲೆಲ್ಲ ಸವೆದ ಮೇಲೆ ಕುಡಿಯಲು ಕಲಿತಿದೆ.

ಚಪ್ಪಾಳೆ ಬಿತ್ತು. ಯಮುನಕ್ಕ ತಟ್ಟಲಿಲ್ಲ.
ಮಳೆಗಾಲಕ್ಕೆ ಕಣಿಲೆ, ಮರಕೆಸು,
ಉಳಿದಂತೆ ಜೀರಿಗೆ ಮೆಣಸು ಮಾರುವವಳು.
"ಒಳಗೆ ಹೋದದ್ದು ಎಲ್ಲಿಗೆ ಹೋಗುತ್ತದೆ?"

ಆ ಆಗಸ್ಟಿನಲ್ಲಿ ಅವಳ ಅಡುಗೆಮನೆಯ ನೆಲ
ಹೀಗೇ ಗುಳ್ಳೆ ಎಬ್ಬಿಸಿತ್ತು.
ರಾತ್ರಿ ಒಲೆಯ ಪಕ್ಕ ಗುಳುಗುಳು,
ಬೆಳಗಾಗುವಾಗ ಒಲೆ ತೋಡಿನಾಚೆ.
ಬೆಟ್ಟ ಮಗ್ಗುಲು ಬದಲಿಸಿತ್ತು.
ನೀರು ಕುಡಿದ ನೆಲವನ್ನು ಅವಳು ನಂಬುವುದಿಲ್ಲ.

ಚೋಂದಮ್ಮನ ನಗೆ ನಿಂತಿತು.
ನಕ್ಷೆ ಬಿಚ್ಚಲಿಲ್ಲ. ಇನ್ನೂ ಮುಚ್ಚದ ಅಂಚಿಗೆ ಕರೆದೊಯ್ದಳು:
ಕರಿ ಕಾಳು, ಕೆಳಗೆ ಜಲ್ಲಿ, ಜಲ್ಲಿಯೊಳಗೆ ತೂತಿನ ಪೈಪು,
ಎಲ್ಲಕ್ಕೂ ಅಡಿಯಲ್ಲಿ ದಪ್ಪ ಹಾಳೆ.
"ಬೆಟ್ಟಕ್ಕೆ ಕುಡಿಸುವುದಿಲ್ಲ ಯಮುನಕ್ಕ,
ಇಳಿಜಾರಿಗೆ ಇದನ್ನು ಹಾಸುವುದೂ ಇಲ್ಲ.
ಬಂದ ನೀರನ್ನು ಸ್ವಲ್ಪ ಕೂರಿಸಿ
ಚರಂಡಿಗೆ ಕಳಿಸುತ್ತೇವೆ, ಅಷ್ಟೆ."
ಪೈಪಿನ ಬಾಯಿಗೆ ಕೈಯೊಡ್ಡಿ ಕಾದಳು.
ಬಹಳ ಹೊತ್ತಿಗೆ ಒಂದು ಹನಿ.
ಆಮೇಲೆ ಇನ್ನೊಂದು.
ನಂಬಿದೆ ಎನ್ನಲಿಲ್ಲ. ಬುಟ್ಟಿ ತಂದು
ಪೈಪು ಕಾಣುವಲ್ಲಿಟ್ಟು ಕೂತಳು.

ಕಕ್ಕಡ ಬಂತು.
ಒಂದೇ ರಾತ್ರಿ ಆರು ಇಂಚು ನಲವತ್ತು ಸೆಂಟು ಅಂದರು ತೋಟದವರು.
ಶುಕ್ರವಾರದ ಸಂತೆ ಕೆಸರಿಲ್ಲದೆ ಕೂತಿತು.
ವರ್ಷವೂ ಮೊಣಕಾಲಿಗೆ ಬರುವ ನೀರು
ನನ್ನಂಗಡಿಯಲ್ಲಿ ಕಣಕಾಲಿಗೆ ನಿಂತಿತು.
ಬರಲೇ ಇಲ್ಲ ಎನ್ನಲಾರೆ.
ಬಿಸಿಲಿಗೆ ರಬ್ಬರಿನ ವಾಸನೆ ಏಳುತ್ತದೆ, ಅದನ್ನೂ ಹೇಳಬೇಕು;
ನನಗದು ಅನ್ನದ ವಾಸನೆ, ಮೀನಿನವನಿಗೆ ತಲೆನೋವು.

ಮಳೆ ಬಿಟ್ಟ ಮೇಲೆ ಚೋಂದಮ್ಮನ ಫೋನು:
ಎಲೆಚೂರು, ಮಣ್ಣು, ಎಲೆಅಡಿಕೆಯ ಉಗುಳು ಹೊಕ್ಕು
ನೆಲದ ಬಾಯಿ ಕಟ್ಟಿದೆ, ನಿಮ್ಮ ಕಂಪ್ರೆಸರ್ ತರಬಹುದೇ?

ತಳ್ಳಿಕೊಂಡು ಹೋದೆ.
ಮೊಣಕಾಲೂರಿ ಒಂದೊಂದೇ ಅಡಿ ಗಾಳಿ ಹೊಡೆಯುತ್ತ ಸಾಗಿದೆ.
ಹಿಂದಿನಿಂದ ಯಮುನಕ್ಕ, ಚೊಂಬು ಹಿಡಿದು,
ನೀರು ಚೆಲ್ಲಿ, ಬಗ್ಗಿ, ಗುಳ್ಳೆ ನೋಡುತ್ತ,
ಗುಳ್ಳೆ ಏಳದ ಜಾಗದ ಮೇಲೆ
ಬೆರಳಿಟ್ಟು ಕರೆದಳು:
"ಹಂಸಾಕ, ಇಲ್ಲೊಂದು ಮುಚ್ಚಿದೆ."